ಇಆರ್ ಮತ್ತೆ ನೋಡ್ತಿದ್ದೀವಿ, ಈಗಿನ ಆಸ್ಪತ್ರೆ ಸೀರಿಯಲ್‌ಗಳು ಅದರ ಮುಂದೆ ನಿಲ್ತಾವಾ?

ಮಳೆಮನೆ_ಮಡಿಕೇರಿ:
ಎಲ್ರಿಗೂ ನಮಸ್ಕಾರ. ಜೂನ್‌ನಿಂದ ಮನೇಲೇ ಇದ್ದೀನಿ, ಅವ್ವಂಗೆ ಮಂಡಿ ಆಪರೇಷನ್ ಆಗಿದೆ, ಹೊರಗೆ ಮಳೆ ಹಿಡಿದದ್ದು ಬಿಡ್ತಾ ಇಲ್ಲ. ಅಣ್ಣ ಅಮೇರಿಕದಲ್ಲಿದ್ದಾಗ ತಂದಿಟ್ಟಿದ್ದ ಇಆರ್ ಡಿವಿಡಿ ಡಬ್ಬ ಅಟ್ಟದ ಮೇಲೆ ಸಿಕ್ತು, ಬೂಷ್ಟು ಒರೆಸಿ ಹಾಕಿದ್ರೆ ಇನ್ನೂ ಓಡ್ತದೆ! 1994ರಲ್ಲಿ ಶುರುವಾಗಿ 2009ರವರೆಗೆ 15 ಸೀಸನ್, 331 ಎಪಿಸೋಡ್. ಕರೆಂಟ್ ಇದ್ದಷ್ಟು ಹೊತ್ತು ನೋಡೋದು, ಹೋದ್ರೆ ಅವ್ವ ನೋಡಿದ್ದರ ಬಗ್ಗೆ ಜಗಳ ಮಾಡೋದು, ಇದೇ ನಮ್ಮ ದಿನಚರಿ ಈಗ.

ಅವ್ವ 31 ವರ್ಷ ಸರ್ಕಾರಿ ಆಸ್ಪತ್ರೆಲಿ ಸ್ಟಾಫ್ ನರ್ಸ್ ಆಗಿದ್ದವರು. ಟಿವಿ ನೋಡ್ತಾ ಡಾಕ್ಟರಿಗೆ ಮೊದಲೇ ಹೇಳ್ತಾ ಇರ್ತಾರೆ, "ಮೊದಲು ಬಿಪಿ ನೋಡಪ್ಪ", "ಆ ಡ್ರಿಪ್ ಯಾರು ಹಾಕಿದ್ದು, ಗಾಳಿ ಉಂಟು ಅದ್ರಲ್ಲಿ" ಅಂತ. ಇಂಗ್ಲಿಷ್ ಮಾತು ಅರ್ಧ ಅರ್ಥ ಆಗಲ್ಲ, ಆದ್ರೆ ಕೆಲಸ ಪೂರ್ತಿ ಅರ್ಥ ಆಗ್ತದೆ. ನಡುವೆ ನಾನು ಗ್ರೇಸ್ ಅನಾಟಮಿ ಹಾಕಿದೆ, 20 ನಿಮಿಷಕ್ಕೆ ಎದ್ದು ಒಳಗೆ ಹೋದ್ರು. ಆಮೇಲೆ ದಿ ಪಿಟ್ ಹಾಕಿದೆ, ಅದಕ್ಕೆ ಕೂತ್ರು.

ನಂಗೆ ಅನ್ನಿಸೋದು, ಹಳೇದರಲ್ಲಿ ರೋಗಿ ಮುಖ್ಯ ಆಗಿದ್ದ, ನಡುವೆ ಬಂದವುಗಳಲ್ಲಿ ಡಾಕ್ಟರ ಲವ್ ಮುಖ್ಯ ಆಯ್ತು, ಪಿಟ್‌ನಲ್ಲಿ ಮತ್ತೆ ರೋಗಿ ವಾಪಸ್ ಬಂದಿದ್ದಾನೆ. ನಿಮಗೆಲ್ಲ ಹೇಗನ್ನಿಸ್ತದೆ? ಅಥವಾ ನಾನು ಹೈಸ್ಕೂಲಲ್ಲಿ ನೋಡಿದ್ದು ಅಂತ ನಂಗೆ ಮಾತ್ರ ಹಾಗಾ?

ನಾಪೋಕ್ಲು_ಹುಡುಗ:
ಅಕ್ಕ ಮೊದಲ ಉತ್ತರ ನಂದೇ. ಒಪ್ಪಲ್ಲ. ಹೌಸ್ ಬಿಟ್ಟು ಮಾತಾಡಿದ್ರೆ ಹೇಗೆ?

ಸೋಮವಾರಪೇಟೆ_ಅಕ್ಕ:
ಗ್ರೇಸ್ ಬಗ್ಗೆ ಅಷ್ಟು ಬೇಗ ತೀರ್ಪು ಕೊಡಬೇಡಿ ಪ್ಲೀಸ್. 2005ರಲ್ಲಿ ಶುರುವಾಗಿದ್ದು ಇನ್ನೂ ನಡೀತಿದೆ, 400ರ ಮೇಲೆ ಎಪಿಸೋಡ್ ಆಗಿದೆ, ಸುಮ್ಮನೆ ಹಾಗೆ ಓಡಲ್ಲ. ಹೆಣ್ಣುಮಕ್ಕಳು ಸರ್ಜನ್ ಆಗೋದು, ಮಗು ಬಿಟ್ಟು ಡ್ಯೂಟಿಗೆ ಹೋಗೋದು, ಗಂಡಸರ ನಡುವೆ ಥಿಯೇಟರಲ್ಲಿ ನಿಲ್ಲೋದು, ಇದನ್ನೆಲ್ಲ ಅಷ್ಟು ವರ್ಷ ನಡುಮಧ್ಯಕ್ಕೆ ತಂದಿಟ್ಟ ಸೀರಿಯಲ್ ಇನ್ನೊಂದು ಹೇಳಿ ನೋಡೋಣ. ನನ್ನ ತಂಗಿ ಅದನ್ನ ನೋಡ್ತಾನೇ ನೀಟ್‌ಗೆ ಓದಿದ್ದು, ಈಗ ಎಂಬಿಬಿಎಸ್ ಮೂರನೇ ವರ್ಷ.

ಸಂಪಾಜೆ_ಗುಡ್ಡೆ:
ಅಕ್ಕ ಗ್ರೇಸ್ ಮೊದಲ ಎರಡು ಮೂರು ಸೀಸನ್ ಒಳ್ಳೇದುಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಒಂದೇ ಆಸ್ಪತ್ರೆಯವರಿಗೆ ರೋಗಿಯ ಎದೆಯೊಳಗೆ ಬಾಂಬು, ದೋಣಿ ಅಪಘಾತ, ಬಂದೂಕು ಹಿಡ್ಕೊಂಡು ಬಂದವ, ಕೊನೆಗೆ ಡಾಕ್ಟರ್‌ಗಳೇ ಇದ್ದ ವಿಮಾನ ಬಿದ್ದದ್ದು, ಇಷ್ಟೆಲ್ಲ ಆದ್ರೆ ನೋಡುವವನಿಗೆ ಸಾವಿನ ಮೇಲೆ ದುಃಖವೇ ಬರುದಿಲ್ಲ ಮತ್ತೆ.

ಸೋಮವಾರಪೇಟೆ_ಅಕ್ಕ:
ಇಆರ್‌ನಲ್ಲಿ ಹೆಲಿಕಾಪ್ಟರ್ ರೆಕ್ಕೆಗೆ ಡಾಕ್ಟರ್ ರೊಮಾನೋ ಕೈ ಹೋಗಿದ್ದು ಮರೆತ್ರಾ? ಮುಂದಿನ ಸೀಸನಲ್ಲಿ ಅದೇ ಮನುಷ್ಯನ ಮೇಲೆ ಹೆಲಿಕಾಪ್ಟರೇ ಬಿದ್ದು ಸತ್ತ. 2002, 2003ರಲ್ಲಿ ಅದು. ಹಳೇದಕ್ಕೆ ಒಂದು ನ್ಯಾಯ ಹೊಸದಕ್ಕೆ ಒಂದು ನ್ಯಾಯ ಬೇಡ.

ಮಳೆಮನೆ_ಮಡಿಕೇರಿ:
ಅಕ್ಕ, ಅದು ಮಾತ್ರ ನೂರಕ್ಕೆ ನೂರು ಒಪ್ದೆ. ಆ ಎಪಿಸೋಡ್‌ಗಳು ನಂಗೂ ಇಷ್ಟ ಆಗಿಲ್ಲ. ನಾನು ಹೇಳ್ತಿರೋದು ಮೊದಲ ಎಂಟು ಸೀಸನ್, ಡಾಕ್ಟರ್ ಗ್ರೀನ್ ಮೆದುಳು ಗಡ್ಡೆಯಾಗಿ ಸಾಯೋವರೆಗೆ.

ಹೌಸ್‌ಸರ್ಜನ್_ಡ್ಯೂಟಿ:
ನಾನು ಈಗ ಇಂಟರ್ನ್‌ಶಿಪ್ ಮಾಡ್ತಿದ್ದೀನಿ, ರಾತ್ರಿ ಕ್ಯಾಶುವಾಲಿಟಿ ಮುಗಿಸಿ ಬಂದು ಇದನ್ನ ಓದ್ತಾ ಇದ್ದೀನಿ, ಕಣ್ಣು ಎಳೀತಿದೆ ಆದ್ರೂ ಬರೀದೆ ಇರೋಕಾಗಲ್ಲ.

ಇಆರ್ ಬರೆದದ್ದು ಮೈಕೆಲ್ ಕ್ರೈಟನ್, ಅವರು ಹಾರ್ವರ್ಡ್‌ನಲ್ಲಿ ಡಾಕ್ಟರಿ ಓದಿದವರು. 1974ರಲ್ಲಿ ಸಿನಿಮಾಕ್ಕೆ ಅಂತ ಬರೆದ ಸ್ಕ್ರಿಪ್ಟು, 20 ವರ್ಷ ಯಾರೂ ತಗೊಳ್ದೆ ಬಿದ್ದಿತ್ತು. ಅವರು ವಿದ್ಯಾರ್ಥಿಯಾಗಿ ಎಮರ್ಜೆನ್ಸಿಲಿ ಏನು ಕಂಡ್ರೋ ಅದನ್ನೇ ಬರೆದಿದ್ದು, ಅದಕ್ಕೇ ಅಲ್ಲಿ ಒಂದು ಕೇಸ್ ಮುಗಿಯೋ ಮೊದಲು ಇನ್ನೊಂದು ನುಗ್ತದೆ, ಯಾರೂ ನಿಂತು ವಿವರಿಸಲ್ಲ. ನಿಜ ಕ್ಯಾಶುವಾಲಿಟಿ ಹಾಗೇನೇ ಇರೋದು. ನಿನ್ನೆ ರಾತ್ರಿ ನಂಗೆ ಒಂದು ಕಡೆ ಎದೆನೋವು, ಒಂದು ಕಡೆ ಕಾಡುಹಂದಿ ತಿವಿದ ಕಾಲು, ಮಧ್ಯದಲ್ಲಿ ಮಗುಗೆ ಜ್ವರ ಅಂತ ಅಜ್ಜಿ ಒಬ್ರು ಕೋಟು ಹಿಡಿದು ಎಳೀತಾ ಇದ್ರು.

ಆದ್ರೆ ಹಳೇದೆಲ್ಲ ನಿಜ ಅಂದ್ಕೋಬೇಡಿ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಲೇಖನ ಬಂತು. ಇಆರ್, ಷಿಕಾಗೋ ಹೋಪ್, ರೆಸ್ಕ್ಯೂ 911 ಮೂರೂ ಸೇರಿ 97 ಎಪಿಸೋಡ್ ಕೂತು ನೋಡಿದ್ದಾರೆ, ಅದ್ರಲ್ಲಿ 60 ಸಲ ಹೃದಯ ನಿಂತಿದೆ, ಸಿಪಿಆರ್ ಮಾಡಿದ್ದಕ್ಕೆ 75% ಜನ ಆ ಕ್ಷಣಕ್ಕೆ ಬದುಕಿದ್ದಾರೆ. ನಿಜ ಜೀವನದಲ್ಲಿ ಅದರ ಹತ್ತಿರಕ್ಕೂ ಬರಲ್ಲ. ಮನೆಯವರು ಇದನ್ನ ನೋಡಿ ಬಂದು "ಡಾಕ್ಟ್ರೇ ಇನ್ನೊಂದು ಸಲ ಶಾಕ್ ಕೊಡಿ" ಅಂತ ಕಾಲು ಹಿಡಿದಾಗ ನಮಗೆ ಹೇಳೋಕೆ ಮಾತೇ ಬರಲ್ಲ. ಮಾನಿಟರಲ್ಲಿ ಗೆರೆ ಪೂರ್ತಿ ನೇರ ಆದ್ಮೇಲೆ ಶಾಕ್ ಕೊಡೋದೇ ಇಲ್ಲ, ಕೊಟ್ರೆ ಪ್ರಯೋಜನ ಇಲ್ಲ. ಹೃದಯ ಅಡ್ಡಾದಿಡ್ಡಿ ನಡುಗ್ತಾ ಇದ್ರೆ ಮಾತ್ರ ಶಾಕ್. ನೇರ ಗೆರೆಗೆ ಎದೆ ಒತ್ತೋದು, ಅಡ್ರಿನಲಿನ್, ಅಷ್ಟೇ. ಎಷ್ಟು ಸೀರಿಯಲ್‌ಗಳು ಈ ಒಂದು ತಪ್ಪನ್ನ ಇವತ್ತಿಗೂ ಮಾಡ್ತಾವೆ ಅಂದ್ರೆ ಸಿಟ್ಟು ಬರ್ತದೆ.

ಕುಶಾಲನಗರ_ಸಂಜೆ:
ಇದು ಗೊತ್ತೇ ಇರ್ಲಿಲ್ಲ! ನೇರ ಗೆರೆಗೆ ಶಾಕ್ ಅಂತಾನೇ ಅಂದ್ಕೊಂಡಿದ್ದೆ ಇಷ್ಟು ವರ್ಷ.

ಹಳೇ_ಫೌಜಿ_ಮೂರ್ನಾಡು:
ನೀವೆಲ್ಲ 94ರಿಂದ ಶುರು ಮಾಡ್ತೀರಿ. ಕೊರಿಯಾ ಯುದ್ಧದ ಅಮೇರಿಕನ್ ಫೀಲ್ಡ್ ಆಸ್ಪತ್ರೆ ಮೇಲಿನ ಸೀರಿಯಲ್ ಮ್ಯಾಶ್ ನೋಡಿದವರು ಯಾರೂ ಇಲ್ವಾ ಇಲ್ಲಿ? 1972ರಿಂದ 1983. ಕೊರಿಯಾ ಯುದ್ಧ ನಡೆದದ್ದು ಮೂರು ವರ್ಷ, ಸೀರಿಯಲ್ ನಡೆದದ್ದು 11 ವರ್ಷ. ಕೊನೆ ಎಪಿಸೋಡನ್ನ ಅಮೇರಿಕದಲ್ಲಿ 10 ಕೋಟಿಗೂ ಮೇಲೆ ಜನ ನೋಡಿದ್ರು. ಕಾಮಿಡಿ ಅಂತ ಹೇಳ್ತಾರೆ, ನಗು ಸೌಂಡ್ ಹಾಕ್ತಿದ್ರು ಆ ಕಾಲದಲ್ಲಿ, ಆದ್ರೆ ಆಪರೇಷನ್ ಟೆಂಟ್ ಒಳಗಿನ ಸೀನಿಗೆ ನಗು ಹಾಕಬಾರ್ದು ಅಂತ ಮಾಡಿದವರು ಹಟ ಹಿಡಿದಿದ್ರು. ಅದು ದೊಡ್ಡ ವಿಷಯ ಕಣ್ರಪ್ಪ. ಗಾಯ ಆದ ಹುಡುಗನ ಮುಂದೆ ನಗು ಇಲ್ಲ.

ನಾನು ಸರ್ವೀಸಲ್ಲಿದ್ದಾಗ ಫೀಲ್ಡ್ ಆಸ್ಪತ್ರೇಲಿ ಹನ್ನೊಂದು ದಿನ ಮಲಗಿದ್ದೆ, ಎಲ್ಲಿ ಅಂತ ಬೇಡ. ಅಲ್ಲಿದ್ದ ಡಾಕ್ಟರ್ ಮೇಜರ್ ಸಾಹೇಬ್ರು ದಿನಾ ರಾತ್ರಿ ಜೋಕ್ ಹೇಳೋರು, ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚೋವಾಗ ಒಂದು ಮಾತಿಲ್ಲ. ಮ್ಯಾಶ್ ನೋಡಿದಾಗ ಅವರೇ ಕಣ್ಣಮುಂದೆ ಬರ್ತಾರೆ. 1975ರಲ್ಲಿ ಕರ್ನಲ್ ಬ್ಲೇಕ್ ಮನೆಗೆ ಹೊರಟ, ಬೀಳ್ಕೊಡುಗೆ ಎಲ್ಲ ಆಯ್ತು, ಕೊನೆಗೆ ಥಿಯೇಟರಿಗೆ ಒಬ್ಬ ಹುಡುಗ ಬಂದು ವಿಮಾನ ಹೊಡೆದುರುಳಿಸಿದ್ರು, ಯಾರೂ ಉಳಿದಿಲ್ಲ ಅಂತ ಓದ್ತಾನೆ. ಡಾಕ್ಟರ್‌ಗಳು ಅಳ್ತಾ ಹೊಲಿಗೆ ಹಾಕೋದು ನಿಲ್ಸಲ್ಲ. ಇದಕ್ಕಿಂತ ದೊಡ್ಡ ಸೀನು ಈಗಿನವರು ತೋರಿಸಲಿ.

ವಿರಾಜಪೇಟೆ_ಟೀಚರ್:
ಫೌಜಿ ಅಂಕಲ್ ಕೊರಿಯಾ ಅಂದದ್ದಕ್ಕೆ ಒಂದು ಮಾತು. ನಮ್ಮ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋಗಿದ್ದು ಗೊತ್ತಲ್ಲ, ಯುದ್ಧ ಕೈದಿಗಳನ್ನ ಅವರವರ ದೇಶಕ್ಕೆ ಕಳಿಸೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂಗೆ ಮಕ್ಕಳನ್ನ ಕರ್ಕೊಂಡು ಹೋದಾಗಲೆಲ್ಲ ಹೇಳ್ತೀನಿ.

ಹಳೇ_ಫೌಜಿ_ಮೂರ್ನಾಡು:
ಗೊತ್ತಿಲ್ದೆ ಏನಮ್ಮ! ಅದಕ್ಕೂ ಮೊದಲೇ 1950ರಲ್ಲಿ ನಮ್ಮ 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅಲ್ಲಿಗೆ ಹೋಗಿತ್ತು. ಭಾರತ ಯುದ್ಧಕ್ಕೆ ಸೈನ್ಯ ಕಳಿಸಿಲ್ಲ, ಡಾಕ್ಟರ್‌ಗಳನ್ನ ಕಳಿಸ್ತು. ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಅವರ ಕಮಾಂಡ್, ಮಹಾವೀರ ಚಕ್ರ ಬಂತು ಅವರಿಗೆ. 1951ರ ಮಾರ್ಚಲ್ಲಿ ಅಮೇರಿಕನ್ನರ ಜೊತೆ ಪ್ಯಾರಾಶೂಟ್ ಕಟ್ಕೊಂಡು ಹಾರಿ ಕೆಳಗಿಳಿದು ಆಪರೇಷನ್ ಮಾಡಿದ್ದಾರೆ. ಅಮೇರಿಕದವರು ಅವರ ಟೆಂಟಿನ ಮೇಲೆ 11 ವರ್ಷ ಸೀರಿಯಲ್ ತೆಗೆದ್ರು, ನಮ್ಮ ಟೆಂಟಿನ ಕತೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ?

ನಾಪೋಕ್ಲು_ಹುಡುಗ:
ಅಂಕಲ್ ಇದು ನಂಗೆ ಗೊತ್ತಿರ್ಲಿಲ್ಲ, ಹುಡುಕಿ ಓದ್ತೀನಿ ಇವತ್ತೇ.

ಈಗ ಹೌಸ್‌ಗೆ ಬರೋಣ. 2004ರಿಂದ 2012, ಎಂಟು ಸೀಸನ್. ಹ್ಯೂ ಲಾರಿ ಬ್ರಿಟಿಷ್ ಅಂತ ಗೊತ್ತಾದಾಗ ನಂಬೋಕೇ ಆಗಿಲ್ಲ ಆ ಅಮೇರಿಕನ್ ಮಾತು ಕೇಳಿ. ಷರ್ಲಾಕ್ ಹೋಮ್ಸ್‌ನ ಡಾಕ್ಟರ್ ಮಾಡಿದ್ರೆ ಹೇಗಿರ್ತಾನೋ ಹಾಗೆ, ಮನೆ ನಂಬರ್ ಕೂಡ 221ಬಿ. ಬೋರ್ಡ್ ಮೇಲೆ ಲಕ್ಷಣ ಬರೆದು ಒಂದೊಂದೇ ಕಾಯಿಲೆ ಹೊಡೆದು ಹಾಕ್ತಾ ಹೋಗೋದು. ಅದು ತಲೆಗೆ ಕೆಲಸ ಕೊಡ್ತದೆ. ಇಆರ್‌ನಲ್ಲಿ ಬರೀ ಓಡೋದು ಕೂಗೋದು. ಹೌಸ್ ನೋಡಿ ನಾನು ನಾಲ್ಕು ಕಾಯಿಲೆ ಹೆಸರು ಕಲಿತೆ, ಲ್ಯೂಪಸ್ ಅಂದ್ರೆ ಏನು ಅಂತ ಕೇಳಿದ್ರೆ ಈಗ ಹೇಳ್ತೀನಿ.

ಹೌಸ್‌ಸರ್ಜನ್_ಡ್ಯೂಟಿ:
ಹೌಸ್ ನಂಗೂ ತುಂಬಾ ಇಷ್ಟ, ಪಿಯುಸಿಲಿ ಇದ್ದಾಗ ಅದೇ ಹುಚ್ಚು. ಆದ್ರೆ ಒಂದು ರೋಗಿಗೆ ಒಬ್ಬ ದೊಡ್ಡ ಡಾಕ್ಟರ್, ಮೂರು ಅಸಿಸ್ಟೆಂಟು, ಎಂಆರ್‌ಐ ಅವರೇ ಮಾಡೋದು, ರಕ್ತ ಅವರೇ ಟೆಸ್ಟ್ ಮಾಡೋದು, ಎಂಟು ಸೀಸನಲ್ಲಿ ನರ್ಸ್‌ಗಳು ಎಲ್ಲಿ ಸ್ವಾಮಿ? ಟೆಕ್ನಿಷಿಯನ್ ಎಲ್ಲಿ? ವಾರ್ಡ್‌ಗೆ ಹೋದ ಮೊದಲ ದಿನವೇ ನಂಗೆ ಗೊತ್ತಾಯ್ತು ಸಿಸ್ಟರ್ ಇಲ್ದಿದ್ರೆ ನಾನು ಒಂದು ಹತ್ತಿಯುಂಡೆ ಕೂಡ ಹುಡುಕಲಾರೆ ಅಂತ.

ಮಳೆಮನೆ_ಮಡಿಕೇರಿ:
ಇದನ್ನ ಅವ್ವಂಗೆ ಓದಿ ಹೇಳ್ದೆ. "ಆ ಹುಡುಗ ಒಳ್ಳೆ ಡಾಕ್ಟ್ರಾಗ್ತಾನೆ" ಅಂದ್ರು.

ಹೌಸ್ ತರದ್ದೇ ಒಂದು ನಿಜ ಕತೆ ಅವ್ವ ಹೇಳಿದ್ದು ಬರೀತೀನಿ. ಆಗ ಹೊಸದಾಗಿ ಬಯಲುಸೀಮೆ ಕಡೆಯ ಡಾಕ್ಟರ್ ಒಬ್ರು ವರ್ಗ ಆಗಿ ಬಂದಿದ್ರು, ಚಿಕ್ಕ ವಯಸ್ಸು, ತುಂಬಾ ಶ್ರದ್ಧೆ. ಆಗಸ್ಟ್ 4ನೇ ತಾರೀಕು ಬೆಳಿಗ್ಗೆ ಒಪಿಡಿಗೆ ಒಬ್ರು ಬಂದ್ರು, ಉಚ್ಚೆ ಕೆಂಪು. ಹತ್ತು ನಿಮಿಷಕ್ಕೆ ಇನ್ನೊಬ್ರು, ಅವರದ್ದೂ ಕೆಂಪು. ಇಬ್ರೂ ಹೊರಗಿಂದ ಬಂದು ಇಲ್ಲಿ ಕೆಲಸ ಮಾಡ್ತಿದ್ದವರು, ಹೆದರಿ ಬೆವರ್ತಾ ಇದ್ರು. ಡಾಕ್ಟ್ರು ಕಿಡ್ನಿ ಕಲ್ಲು, ಇನ್‌ಫೆಕ್ಷನ್ನು, ಇಲಿಜ್ವರ, ಒಂದೊಂದೇ ಬರೆದು ಯೋಚನೆ ಮಾಡ್ತಾ ಕೂತಿದ್ದಾರೆ. ನಮ್ಮ ಊರಿನ ಆಯಾ ನೆಲ ಒರೆಸ್ತಾ ಇದ್ದವರು ತಲೆ ಎತ್ತಿ ಕೇಳಿದ್ರಂತೆ, "ನಿನ್ನೆ ಮದ್ದುಪಾಯಸ ತಿಂದ್ರಾ?" ಅಂತ. ಹಿಂದಿನ ದಿನ ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮನೆಮನೆಲಿ ಮದ್ದುಸೊಪ್ಪು ಬೇಯಿಸಿ ಪಾಯಸ ಮಾಡೋ ದಿನ, ತಿಂದವರಿಗೆಲ್ಲ ಮಾರನೇ ದಿನ ಉಚ್ಚೆ ಕೆಂಪು. ಇಬ್ಬರನ್ನೂ ಅವರವರ ತೋಟದ ಮಾಲೀಕರು ಊಟಕ್ಕೆ ಕರೆದಿದ್ರು.

ಆ ಡಾಕ್ಟ್ರು ಮುಂದಿನ ವರ್ಷ ತಾವೇ ಕೇಳಿ ತರಿಸ್ಕೊಂಡು ತಿಂದ್ರಂತೆ.

ಸಂಪಾಜೆ_ಗುಡ್ಡೆ:
ಎಂತ ಚಂದದ ಕತೆ ಮಾರಾಯ್ತಿ! ಇದನ್ನೇ ಎಪಿಸೋಡ್ ಮಾಡ್ಬೇಕು. ನಮ್ಮಲ್ಲಿ ಆಟಿ ಸೊಪ್ಪು ಹೇಳುದು ಇದಕ್ಕೆ.

ವಿರಾಜಪೇಟೆ_ಟೀಚರ್:
ಇದು ಮುಖ್ಯ ಪಾಯಿಂಟು. ಕನ್ನಡದಲ್ಲಿ ಒಂದು ಒಳ್ಳೆ ಆಸ್ಪತ್ರೆ ಸೀರಿಯಲ್ ಯಾಕಿಲ್ಲ? ಟಿ.ಎನ್. ಸೀತಾರಾಮ್ ಅವರು ಕೋರ್ಟನ್ನ ಮನೆಮನೆಗೆ ತಂದ್ರು, ಮುಕ್ತ ಸೀರಿಯಲಲ್ಲಿ ಲಾಯರ್ ಸಿಎಸ್‌ಪಿ ವಾದ ಮಾಡ್ತಾ ಇದ್ರೆ ನಮ್ಮ ಮಾವ ಊಟ ಬಿಟ್ಟು ಕೂರ್ತಿದ್ರು, ಕಾನೂನು ಎಲ್ರಿಗೂ ಅರ್ಥ ಆಯ್ತು. ಹಾಗೇ ತಾಲೂಕು ಆಸ್ಪತ್ರೆಯೊಂದನ್ನ ಯಾರೂ ತಗೊಂಡಿಲ್ಲ. ಈಗಿನ ಸೀರಿಯಲ್‌ಗಳಲ್ಲಿ ಆಸ್ಪತ್ರೆ ಅಂದ್ರೆ ನಾಯಕಿ ಹಣೆಗೆ ಬಿಳಿ ಪಟ್ಟಿ, ಐಸಿಯು ಬಾಗಿಲಲ್ಲಿ ಅತ್ತೆ ಅಳು, ಡಾಕ್ಟರ್ ಹೊರಗೆ ಬಂದು ಕನ್ನಡಕ ತೆಗೆಯೋದು. ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ ಅಂತವರು ಬರೆದ ಭಾಷೆ ಇದು, ಬರೆಯೋರಿಗೆ ಕೊರತೆ ಇರಬಾರದಿತ್ತು.

ಗೋಣಿಕೊಪ್ಪ_ಸಂಜೀವನಿ:
ಹಿಂದಿ ಸಂಜೀವನಿ ನೆನಪಿದ್ಯಾ ಯಾರಿಗಾದ್ರೂ?? 2002ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ, ಮೋಹನೀಶ್ ಬಹ್ಲ್ ಡಾಕ್ಟರ್ ಶಶಾಂಕ್. ಹಾಸ್ಟೆಲಲ್ಲಿ ಒಂದೇ ಟಿವಿ, 40 ಹುಡುಗೀರು, ನೆಲದ ಮೇಲೆ ಕೂತು ನೋಡ್ತಿದ್ವಿ. ಆಮೇಲೆ 2007ರಲ್ಲಿ ಸ್ಟಾರ್ ಒನ್‌ನಲ್ಲಿ ದಿಲ್ ಮಿಲ್ ಗಯೇ, ಅದು ಪೂರ್ತಿ ಲವ್ ಸ್ಟೋರಿ, ಒಪ್ಕೋತೀನಿ, ಆದ್ರೆ ಅರ್ಮಾನ್ ರಿದ್ಧಿಮಾ ಅಂದ್ರೆ ಈಗ್ಲೂ ನಮ್ಮ ಬ್ಯಾಚಿನವರು ಒಂದೇ ಸಲ ಕೂಗ್ತಾರೆ. 2019ರಲ್ಲಿ ಸಂಜೀವನಿ ಹೊಸದಾಗಿ ಮಾಡಿದ್ರು, ನಾನು ಆಸೆಯಿಂದ ಕೂತೆ, ಎರಡು ವಾರಕ್ಕೆ ಬಿಟ್ಟೆ. ಹಳೇ ಶಶಾಂಕ್ ತಪ್ಪು ಮಾಡಿದ ಜೂನಿಯರ್‌ನ ಕೂರಿಸಿ ಮಾತಾಡ್ತಿದ್ರು, ಆ ನಿಧಾನ ಹೊಸದರಲ್ಲಿ ಸಿಗಲಿಲ್ಲ ನಂಗೆ.

ಕುಶಾಲನಗರ_ಸಂಜೆ:
ಅದಕ್ಕೂ ಮೊದಲು ದೂರದರ್ಶನದಲ್ಲಿ ವಿಜಯಾ ಮೆಹ್ತಾ ಮಾಡಿದ ಲೈಫ್‌ಲೈನ್ ಇತ್ತು, 90ರ ದಶಕದ ಶುರುಲಿ. ನಮ್ಮ ದೊಡ್ಡಪ್ಪನ ಮನೇಲಿ ಬ್ಲ್ಯಾಕ್ ಅಂಡ್ ವೈಟ್ ಟಿವಿ, ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸೋದು ನನ್ನ ಕೆಲಸ, "ಬಂತಾ?" "ಬಂತು!" "ಹೋಯ್ತು!" ಅಂತ. ಕತೆ ಅರ್ಧ ನಂಗೆ ಮಾಡಿನ ಮೇಲೇ ಕೇಳಿದ್ದು.

ಗೋಣಿಕೊಪ್ಪ_ಸಂಜೀವನಿ:
ಮುಂಬೈ ಡೈರೀಸ್ ಯಾರೂ ಹೇಳ್ಲಿಲ್ಲ? 2021ರದ್ದು, 26/11 ರಾತ್ರಿ ಒಂದು ಸರ್ಕಾರಿ ಆಸ್ಪತ್ರೇಲಿ ಏನಾಗ್ತದೆ ಅನ್ನೋದು. ಗ್ಲೌಸ್ ಇಲ್ಲ, ಸಾಮಾನಿಲ್ಲ, ಆದ್ರೂ ಜನ ಬರ್ತಾನೇ ಇದ್ದಾರೆ. ನಮ್ಮ ದೇಶದ ಆಸ್ಪತ್ರೆ ವಾಸನೆ ಅದ್ರಲ್ಲಿ ಬರ್ತದೆ.

ಹೌಸ್‌ಸರ್ಜನ್_ಡ್ಯೂಟಿ:
ಹೌದು ಅದು ಒಳ್ಳೇದು, ಹಿನ್ನೆಲೆ ಸಂಗೀತ ಸ್ವಲ್ಪ ಕಮ್ಮಿ ಮಾಡಿದ್ರೆ ಇನ್ನೂ ಒಳ್ಳೇದಿತ್ತು. ಪಿಟ್‌ನಲ್ಲಿ ಸಂಗೀತ ಇಲ್ಲವೇ ಇಲ್ಲ ಅಂತಾನೇ ಹೇಳ್ಬಹುದು. ಮಾನಿಟರ್ ಬೀಪ್, ಟ್ರಾಲಿ ಚಕ್ರ, ಯಾರೋ ಕೆಮ್ಮೋದು. 15 ಗಂಟೆಯ ಒಂದು ಶಿಫ್ಟ್, 15 ಎಪಿಸೋಡ್, ಒಂದೊಂದು ಗಂಟೆಗೆ ಒಂದೊಂದು. ಬೆಳಿಗ್ಗೆ ವೇಟಿಂಗ್ ರೂಮಲ್ಲಿ ಕೂತವನು ಏಳನೇ ಎಪಿಸೋಡಲ್ಲೂ ಅಲ್ಲೇ ಕೂತು ಸಿಟ್ಟಾಗಿರ್ತಾನೆ. ಅವನೇ ಆಮೇಲೆ ಹೊರಗೆ ಹೋಗಿ ಚಾರ್ಜ್ ನರ್ಸ್ ಡೇನಾ ಮುಖಕ್ಕೆ ಗುದ್ದೋದು. ಆ ಸೀನ್ ನೋಡಿದ ದಿನ ನಮ್ಮ ಹಾಸ್ಟೆಲಲ್ಲಿ ಯಾರೂ ಮಾತಾಡಿಲ್ಲ, ಯಾಕಂದ್ರೆ ನಮಗೆಲ್ಲ ಅಂತ ಒಂದು ರಾತ್ರಿ ಇದೆ. ಡೇನಾ ಪಾತ್ರ ಮಾಡಿದವರಿಗೆ 2025ರಲ್ಲಿ ಎಮ್ಮಿ ಬಂತು, ಸೀರಿಯಲ್‌ಗೂ ಬಂತು, ನೋವಾ ವೈಲಿಗೂ ಬಂತು. ಇಆರ್‌ನ ಮೊದಲ ದಿನ ಕೋಟು ಹಾಕ್ಕೊಂಡು ಬಂದ ವಿದ್ಯಾರ್ಥಿ ಕಾರ್ಟರ್ ಇವರೇ, 30 ವರ್ಷ ಆದ್ಮೇಲೆ ಅದೇ ಮನುಷ್ಯ ಗಡ್ಡ ಬೆಳ್ಳಗಾಗಿ ವಾರ್ಡ್ ನಡೆಸ್ತಿದ್ದಾರೆ.

ಸೋಮವಾರಪೇಟೆ_ಅಕ್ಕ:
ಹಾಗಾದ್ರೆ ಮಳೆಮನೆ ಹೇಳಿದ ಹಳೇದು ಹೊಸದು ಅನ್ನೋ ಗೆರೆಯೇ ತಪ್ಪು ಅಲ್ವಾ? ಪಿಟ್ ಮಾಡಿದವರು ಇಆರ್ ಮಾಡಿದವರೇ. ಜಾನ್ ವೆಲ್ಸ್ ಅಲ್ಲೂ ಇಲ್ಲೂ, ಡಾಕ್ಟರ್ ಆಗಿರೋ ಜೋ ಸ್ಯಾಕ್ಸ್ ಎರಡಕ್ಕೂ ಬರೆದಿದ್ದಾರೆ. ಕಾಲದ ಪ್ರಶ್ನೆ ಅಲ್ಲ ಇದು, ಬರೆಯೋ ಕೋಣೆಲಿ ಡಾಕ್ಟರ್ ಕೂತಿದ್ದಾರಾ ಇಲ್ವಾ ಅನ್ನೋ ಪ್ರಶ್ನೆ.

ಮಳೆಮನೆ_ಮಡಿಕೇರಿ:
ಅಕ್ಕ ಇದು ಸರಿ ಹೇಳಿದ್ರಿ. ನಾನು ತಿದ್ದಿಕೊಳ್ತೀನಿ. ಇಆರ್‌ನಲ್ಲಿ ಎಲ್ರೂ ನೆನಪಿಡೋ ಆ ಹೆರಿಗೆ ಎಪಿಸೋಡ್ ಇದ್ಯಲ್ಲ, ಮೊದಲ ಸೀಸನ್ 19ನೇದು, ಅದನ್ನ ಬರೆದ ಲ್ಯಾನ್ಸ್ ಜೆಂಟೈಲ್ ಕೂಡ ಎಮರ್ಜೆನ್ಸಿ ಡಾಕ್ಟರೇ.

ನಾಪೋಕ್ಲು_ಹುಡುಗ:
ಯಾವ ಎಪಿಸೋಡ್ ಅದು? ನಾನು ನೋಡಿಲ್ಲ.

ಮಳೆಮನೆ_ಮಡಿಕೇರಿ:
ಹೇಳಿದ್ರೆ ಕತೆ ಗೊತ್ತಾಗ್ತದೆ, ಪರವಾಗಿಲ್ವಾ? ತುಂಬು ಗರ್ಭಿಣಿ ಉಚ್ಚೆ ತೊಂದ್ರೆ ಅಂತ ಬರ್ತಾಳೆ. ಡಾಕ್ಟರ್ ಗ್ರೀನ್ ಇನ್‌ಫೆಕ್ಷನ್ ಅಂತ ಮಾತ್ರೆ ಕೊಟ್ಟು ಕಳಿಸ್ತಾನೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂದು ವಾಪಸ್. ಅದು ಇನ್‌ಫೆಕ್ಷನ್ ಅಲ್ಲ, ಗರ್ಭಿಣಿಯರ ಬಿಪಿ ನಂಜು, ಎಕ್ಲಾಂಪ್ಸಿಯಾ. ಅಲ್ಲಿಂದ ಎಪಿಸೋಡ್ ಮುಗಿಯೋವರೆಗೆ ಒಂದೇ ಕೋಣೆ, ಒಂದೇ ಹೆರಿಗೆ, ಒಂದರ ಮೇಲೊಂದು ತೊಂದರೆ. ಮಗು ಉಳೀತದೆ. ತಾಯಿ ಉಳಿಯಲ್ಲ. ಕೊನೆಗೆ ಗ್ರೀನ್ ರೈಲಲ್ಲಿ ಕೂತು ಅಳ್ತಾನೆ, ಅಷ್ಟೇ. ನಾಯಕ ಅಂತ ಇರೋ ಮನುಷ್ಯ ತಪ್ಪು ಮಾಡ್ತಾನೆ, ಆ ತಪ್ಪು ಸರಿಯಾಗಲ್ಲ, ಮುಂದಿನ ವಾರವೂ ಅವನು ಅದನ್ನ ಹೊತ್ಕೊಂಡೇ ಡ್ಯೂಟಿಗೆ ಬರ್ತಾನೆ. ನಂಗೆ ಆಸ್ಪತ್ರೆ ಸೀರಿಯಲ್ ಅಂದ್ರೆ ಇದು.

ಹಳೇ_ಫೌಜಿ_ಮೂರ್ನಾಡು:
ಇದನ್ನ ನೋಡ್ತೀನಮ್ಮ.

ಹೌಸ್‌ಸರ್ಜನ್_ಡ್ಯೂಟಿ:
ಸ್ಕ್ರಬ್ಸ್ ಅಂತ ಕಾಮಿಡಿ ಒಂದಿದೆ, ಅದ್ರಲ್ಲೂ ಇಂತದೊಂದು. ಸತ್ತವಳ ಅಂಗಾಂಗ ಮೂರು ಜನಕ್ಕೆ ಹಾಕ್ತಾರೆ, ಅವಳು ಸತ್ತದ್ದು ರೇಬೀಸ್‌ನಿಂದ ಅಂತ ಆಮೇಲೆ ಗೊತ್ತಾಗ್ತದೆ, ಮೂವರೂ ಹೋಗ್ತಾರೆ. 2004ರಲ್ಲಿ ಅಮೇರಿಕದಲ್ಲಿ ನಿಜವಾಗಿ ಹೀಗೆ ಆಗಿತ್ತು. ಯಾವತ್ತೂ ಬೈಕೊಂಡು ತಿರುಗೋ ಸೀನಿಯರ್ ಡಾಕ್ಟರ್ ಆ ದಿನ ಕುಸಿದು ಹೋಗ್ತಾನೆ. ನಮ್ಮ ಬ್ಯಾಚಲ್ಲಿ ಡಾಕ್ಟರ್ ಜೀವನಕ್ಕೆ ತುಂಬಾ ಹತ್ತಿರ ಯಾವ್ದು ಅಂತ ಕೇಳಿದ್ರೆ ಅರ್ಧ ಜನ ಸ್ಕ್ರಬ್ಸ್ ಅಂತಾರೆ.

ಸಂಪಾಜೆ_ಗುಡ್ಡೆ:
ನಂಗೆ ಒಂದು ವಿಷಯ ಹೇಳ್ಬೇಕು, ಸೀರಿಯಲ್‌ನದ್ದು ಅಲ್ಲ ಆದ್ರೆ ಅದಕ್ಕೇ ಸೇರಿದ್ದು. ಈ ಎಲ್ಲ ಸೀರಿಯಲ್‌ಗಳಲ್ಲಿ ಆಂಬುಲೆನ್ಸ್ ಬಾಗಿಲು ತೆಗೆದ ಕೂಡ್ಲೇ ಕತೆ ಶುರು. ನಮ್ಮ ಕತೆ ಅದಕ್ಕೂ ಮೊದಲೇ ಮುಗೀತದೆ. ನನ್ನ ಅಪ್ಪನಿಗೆ ಎದೆನೋವು ಬಂದದ್ದು 2018ರ ಆಗಸ್ಟಲ್ಲಿ, ಗುಡ್ಡ ಜರಿದು ಮಂಗಳೂರು ರಸ್ತೆ ಬಂದಾದ ವಾರ. ಜೀಪಲ್ಲಿ ಮಲಗಿಸ್ಕೊಂಡು ಕೆಸರಲ್ಲಿ ತಳ್ಳಿ, ಇನ್ನೊಂದು ಗಾಡಿಗೆ ಹಾಕಿ, ಸುತ್ತಿ ಬಳಸಿ ಹೋಗುವಾಗ ಆರು ಗಂಟೆ ಆಗಿತ್ತು. ಆಸ್ಪತ್ರೆ ಬಾಗಿಲಲ್ಲಿ ಡಾಕ್ಟರ್ ಬಂದು ನೋಡಿ ತಲೆ ಆಡಿಸಿದ್ರು. ಅವರ ತಪ್ಪಿಲ್ಲ. ಮೊದಲ ಒಂದು ಗಂಟೆ ಮುಖ್ಯ ಅಂತ ಟಿವಿಯಲ್ಲಿ ಹೇಳುವಾಗ ನಂಗೆ ಆ ರಸ್ತೆಯೇ ಕಾಣುದು.

ವಿರಾಜಪೇಟೆ_ಟೀಚರ್:
ಕೇಳಿ ತುಂಬಾ ಬೇಜಾರಾಯ್ತು ಅಣ್ಣ. 2019ರಲ್ಲಿ ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರಲ್ಲಿ ಎಲ್ರೂ ಬರೆದ್ರಲ್ಲ, ನಾನೂ ಬರೆದಿದ್ದೆ. ಮೈಸೂರಿಗೆ 120 ಕಿಲೋಮೀಟರ್ ಹತ್ತಿರ, ಮಂಗಳೂರು ಘಾಟಿ ಇಳಿದು ಅದಕ್ಕಿಂತ ದೂರ, ರೈಲು ಇಲ್ಲ. ಮಡಿಕೇರಿಲಿ ಮೆಡಿಕಲ್ ಕಾಲೇಜ್ ಆಗಿದೆ ನಿಜ, ಆದ್ರೂ ಹೃದಯ, ತಲೆ ಪೆಟ್ಟು ಅಂದ್ರೆ ಈಗ್ಲೂ "ಮೈಸೂರಿಗೆ ಕರ್ಕೊಂಡು ಹೋಗಿ" ಅನ್ನೋ ಮಾತೇ ಮೊದಲು ಬರೋದು.

ನಾಪೋಕ್ಲು_ಹುಡುಗ:
ಅಣ್ಣ 🙏

ಕಾಳುಮೆಣಸು_ಸಿದ್ದಾಪುರ:
ಇಷ್ಟು ಹೊತ್ತು ಓದ್ತಾ ಮಾತ್ರ ಇದ್ದೆ. ಟೀಚರ್ ಕೇಳಿದ ಕನ್ನಡ ಸೀರಿಯಲ್‌ಗೆ ಕೇಸುಗಳು ನಮ್ಮಲ್ಲೇ ಇವೆ. ಮೆಣಸು ಕೊಯ್ಯೋವಾಗ ಏಣಿಯಿಂದ ಬಿದ್ದು ಬೆನ್ನು ಮುರಿದವರು, ಮರಗಸಿ ಮಾಡೋವಾಗ ಕೊಂಬೆ ತಲೆ ಮೇಲೆ ಬಿದ್ದವರು, ಆನೆ ಎತ್ತಿ ಎಸೆದವರು. ಕಾಫಿ ಗಿಡದಲ್ಲಿ ಹಸಿರು ಮಂಡಲ ಹಾವು ಕೂತಿರ್ತದೆ, ಕೈ ಹಾಕಿದ್ರೆ ಕಚ್ತದೆ. ಹಾವಿನ ಇಂಜೆಕ್ಷನ್ ಅಂತ ಕೊಡೋದು ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ, ಈ ಹಸಿರು ಮಂಡಲಕ್ಕೆ ಅದು ಕೆಲಸ ಮಾಡಲ್ಲ, ಊತ ನೋವಿಗೆ ನೋಡ್ಕೊಂಡು ಕಾಯ್ಬೇಕು. ನಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಹುಡುಗನಿಗೆ ಕಚ್ಚಿದಾಗ ಡಾಕ್ಟರ್ ಮೊದಲು ಕೇಳಿದ್ದು "ಹಾವಿನ ಬಣ್ಣ ಯಾವ್ದು, ಗಿಡದ ಮೇಲಿತ್ತಾ ನೆಲದಲ್ಲಿತ್ತಾ" ಅಂತ. ಹೌಸ್‌ನ ಬೋರ್ಡಿಗಿಂತ ಕಮ್ಮಿ ಏನಿಲ್ಲ ಅದು.

ಹೌಸ್‌ಸರ್ಜನ್_ಡ್ಯೂಟಿ:
ಸರ್ ಪೂರ್ತಿ ಸರಿ. ಜೊತೆಗೆ 20 ನಿಮಿಷದ ರಕ್ತ ಪರೀಕ್ಷೆ, ಗಾಜಿನ ಟ್ಯೂಬಲ್ಲಿ ರಕ್ತ ತಗೊಂಡು ಅಲುಗಾಡಿಸದೆ ಇಡೋದು, ಹೆಪ್ಪುಗಟ್ಟದಿದ್ರೆ ವಿಷ ರಕ್ತಕ್ಕೆ ಸೇರಿದೆ ಅಂತ. ಆ 20 ನಿಮಿಷ ಎಲ್ರೂ ಒಂದು ಟ್ಯೂಬನ್ನೇ ನೋಡ್ತಾ ನಿಂತಿರ್ತೀವಿ. ಇದಕ್ಕಿಂತ ಸಸ್ಪೆನ್ಸ್ ಯಾವ ಸೀರಿಯಲಲ್ಲಿ ಬಂದಿದೆ.

ಗೋಣಿಕೊಪ್ಪ_ಸಂಜೀವನಿ:
ಇದನ್ನೆಲ್ಲ ಯಾರಾದ್ರೂ ಬರೀರಿ ಪ್ಲೀಸ್, ನಾನು ನಿಜವಾಗ್ಲೂ ಕೇಳ್ತಾ ಇದ್ದೀನಿ.

ಮಳೆಮನೆ_ಮಡಿಕೇರಿ:
ನಿನ್ನೆ ಸಂಜೆಯಿಂದ ಕರೆಂಟ್ ಇರ್ಲಿಲ್ಲ, ಅದಕ್ಕೇ ಲೇಟು. ಈ ಚರ್ಚೆ ಪೂರ್ತಿ ಅವ್ವಂಗೆ ಓದಿ ಹೇಳಿದ್ದೆ, ಅದಾದ್ಮೇಲೆ ಕತ್ತಲಲ್ಲಿ ಕೂತು ಅವರೊಂದು ಮಾತು ಹೇಳಿದ್ರು, 40 ವರ್ಷದ ಹತ್ತಿರ ನಮಗ್ಯಾರಿಗೂ ಹೇಳಿರ್ಲಿಲ್ಲ. ಇಲ್ಲಿ ಬರೀಲಾ ಅಂತ ಕೇಳ್ದೆ, ಬರಿ ಅಂದ್ರು.

ಅವ್ವ ಆಗ ಕೆಲಸಕ್ಕೆ ಸೇರಿ ಎರಡು ಮೂರು ವರ್ಷ. ಮಳೆಗಾಲ. ಬೆಳಿಗ್ಗೆ ಒಪಿಡಿಗೆ ಒಂದು ಲೈನ್ ಮನೆ ಹುಡುಗಿ ಬಂದಿದ್ದಾಳೆ, ಚೊಚ್ಚಲು, ಎಂಟು ತಿಂಗಳು, ತಲೆನೋವು ಅಂತ. ಜನ ತುಂಬಿದ್ರು. ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಕೊಟ್ಟಿದ್ದು ಅವ್ವನ ಕೈ. ಬಿಪಿ ನೋಡಿಲ್ಲ. ರಾತ್ರಿ ಹನ್ನೊಂದಕ್ಕೆ ತೋಟದ ಜೀಪಲ್ಲಿ ಅದೇ ಹುಡುಗಿ, ಫಿಟ್ಸ್ ಬರ್ತಾ ಇದೆ, ನಾಲಿಗೆ ಕಚ್ಚಿಕೊಂಡು ರಕ್ತ. ಕರೆಂಟ್ ಇಲ್ಲ, ಲಾಟೀನು. ಡಾಕ್ಟ್ರ ಕ್ವಾರ್ಟರ್ಸಿಗೆ ಆಯಾ ಓಡಿದ್ರು. ಆಗ ಇಲ್ಲೆಲ್ಲ ಈ ಫಿಟ್ಸ್‌ಗೆ ಮ್ಯಾಗ್‌ಸಲ್ಫ್ ಇಂಜೆಕ್ಷನ್ ಕೊಡ್ತಿರ್ಲಿಲ್ಲ, ಲಾರ್ಗಾಕ್ಟಿಲ್, ಫೆನರ್ಗನ್, ಪೆಥಿಡಿನ್ ಸೇರಿಸಿ ಲಿಟಿಕ್ ಕಾಕ್ಟೇಲ್ ಅಂತ ಕೊಡೋದು. ಕೊಟ್ರು. ಮಗು ಹುಟ್ತು, ಹೆಣ್ಣು, ಅಳ್ತು. ತಾಯಿಯನ್ನ ಮೈಸೂರಿಗೆ ಅಂತ ಜೀಪಿಗೆ ಹಾಕಿ ಅವ್ವನೂ ಜೊತೆಗೆ ಹೊರಟ್ರು. ಹುಣಸೂರು ದಾಟಲಿಲ್ಲ.

ಅವತ್ತಿಂದ ರಿಟೈರ್ ಆಗೋ ದಿನದವರೆಗೆ ಗರ್ಭಿಣಿ ಯಾರೇ ಬರಲಿ, ನೆಗಡಿ ಅಂತ ಬರಲಿ, ಹಲ್ಲುನೋವು ಅಂತ ಬರಲಿ, ಜೊತೆಗೆ ಬಂದವಳಾಗಿರಲಿ, ಕೂರಿಸಿ ಬಿಪಿ ನೋಡದೆ ಕಳಿಸಿಲ್ಲ ಅವ್ವ. ಡಾಕ್ಟರ್ ಗ್ರೀನ್ ರೈಲಲ್ಲಿ ಅಳೋ ಸೀನಿಗೆ ಅವ್ವ ಯಾಕೆ ಟಿವಿ ಆರಿಸು ಅಂದ್ರು ಅಂತ ನಂಗೆ ನಿನ್ನೆ ಗೊತ್ತಾಯ್ತು.

ಸೋಮವಾರಪೇಟೆ_ಅಕ್ಕ:
ಅಮ್ಮಂಗೆ ನನ್ನ ನಮಸ್ಕಾರ ಹೇಳಿ. ಬೇರೆ ಏನೂ ಬರೆಯೋಕೆ ಆಗ್ತಿಲ್ಲ.

ಹಳೇ_ಫೌಜಿ_ಮೂರ್ನಾಡು:
ಆ ಮಗು?

ಮಳೆಮನೆ_ಮಡಿಕೇರಿ:
ಅಜ್ಜಿ ಸಾಕಿದ್ರಂತೆ ಅಂಕಲ್. ಆರು ವರ್ಷ ಆಗೋವರೆಗೆ ಪ್ರತಿ ಸುಗ್ಗಿಗೆ ತೋಟಕ್ಕೆ ಬರ್ತಿದ್ರು, ಅವ್ವ ಹೋಗಿ ನೋಡಿ ಬಟ್ಟೆ ಕೊಟ್ಟು ಬರ್ತಿದ್ರು. ಆಮೇಲೆ ಆ ಮನೆಯವರು ಬೇರೆ ಕಡೆ ಕೆಲಸಕ್ಕೆ ಹೋದ್ರು.

ಹೌಸ್‌ಸರ್ಜನ್_ಡ್ಯೂಟಿ:
ಅಕ್ಕ, ಅಮ್ಮನ್ನ ಒಂದು ಮಾತು ಕೇಳಬಹುದಾ, ತಪ್ಪಾಗಿದ್ರೆ ಬೇಡ. ರಾತ್ರಿ ಬಂದಾಗ ಆ ಹುಡುಗಿಗೆ ಬಿಪಿ ಎಷ್ಟಿತ್ತು?

ಮಳೆಮನೆ_ಮಡಿಕೇರಿ:
180/120. ನಾನು ಪೂರ್ತಿ ಕೇಳೋ ಮೊದಲೇ ಹೇಳಿದ್ರು.